ಮಚ್ಚೆಯ ಅಂಚಿನಲ್ಲಿದೆ ಕಾಯಿಲೆ

ಮೈಮೇಲೆ ಮಚ್ಚೆಯೊಂದು ಎದ್ದರೆ ಅದಕ್ಕೆ ಹೆಸರಿಡಲು ನಮ್ಮ ಕಡೆ ಡಾಕ್ಟರೇ ಬೇಕೆಂದಿಲ್ಲ. ಬೆಳ್ಳಗಿದ್ದರೆ ತೊನ್ನು, ದುಂಡಗೆ ಹಬ್ಬಿ ತುರಿಸಿದರೆ ಗಜಕರ್ಣ, ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ. ರಾಯಬಾಗ ತಾಲೂಕಿನ ಅಲಖನೂರಿನ ಕಟ್ಟೆಯ ಮೇಲೆ ಕೂತ ಯಾವ ಹಿರಿಯರನ್ನು ಕೇಳಿದರೂ ಈ ಮೂರನ್ನು ಬೇರೆ ಬೇರೆ ಮಾಡಿ ಹೇಳಬಲ್ಲರು. ಒಬ್ಬರು ಮೆಡಿಕಲ್ ಅಂಗಡಿಯ ಟ್ಯೂಬು ತರುತ್ತಾರೆ, ಇನ್ನೊಬ್ಬರು ಚಿಂಚಲಿ ಮಾಯಕ್ಕನ ಭಂಡಾರ ಹಚ್ಚುತ್ತಾರೆ, ಬಹಳ ಮಂದಿ ಎರಡನ್ನೂ ಮಾಡುತ್ತಾರೆ.

ಈ ಮೂರರಲ್ಲಿ ಯಾವುದಕ್ಕೂ ಸೇರದ ಮಚ್ಚೆಯೊಂದಿದೆ. ಬಣ್ಣ ಮಾಸಿದೆ, ಆದರೆ ತೊನ್ನಿನಷ್ಟು ಅಚ್ಚ ಬಿಳಿಯಲ್ಲ. ಹೊಟ್ಟೇಳುವುದಿಲ್ಲ. ಮುಟ್ಟಿದರೆ, ಚುಚ್ಚಿದರೆ ಸರಿಯಾಗಿ ಗೊತ್ತಾಗುತ್ತದೆ. ಮೇಲೆ ಬೆರಳಾಡಿಸಿದರೆ ಮಾತ್ರ ಅಲ್ಲಿಯ ಚರ್ಮ ನುಣ್ಣಗೆ, ಬಿಗಿಯಾಗಿ, ಗಟ್ಟಿಯಾಗಿ ಸಿಗುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಇದಕ್ಕೆ ಮಾರ್ಫಿಯಾ ಎಂದೋ ಲೋಕಲೈಸ್ಡ್ ಸ್ಕ್ಲೀರೋಡರ್ಮಾ ಎಂದೋ ಬರೆಯುತ್ತಾರೆ. ಈ ಅಧ್ಯಾಯದಲ್ಲಿ ನಾನು ಇದನ್ನು ಪೆಡಸುಮಚ್ಚೆ ಎನ್ನುತ್ತೇನೆ.

ಅಪರೂಪದ ಕಾಯಿಲೆ, ನಿಜ. ಹೊರದೇಶಗಳ ಲೆಕ್ಕದಲ್ಲಿ ಒಂದು ಲಕ್ಷ ಜನರಿಗೆ ವರ್ಷಕ್ಕೆ 0.4ರಿಂದ 2.7ರಷ್ಟು ಹೊಸ ರೋಗಿಗಳು. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯಲ್ಲಿ ಸುಮಾರು 47.8 ಲಕ್ಷ ಜನರಿದ್ದರು. ಇಲ್ಲಿಯೂ ಅದೇ ಪ್ರಮಾಣವಿದ್ದರೆ ಜಿಲ್ಲೆಯೊಂದರಲ್ಲೇ ವರ್ಷಕ್ಕೆ ಇಪ್ಪತ್ತರಿಂದ ನೂರಮೂವತ್ತು ಮಂದಿಗೆ ಬರಬೇಕು. ಇವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಎಷ್ಟು ಮಂದಿಯ ಚೀಟಿಯ ಮೇಲೆ ಸರಿಯಾದ ಹೆಸರು ಬಿದ್ದಿದೆ ಎಂಬುದು ಬೇರೆ ಮಾತು.

ಚಿವುಟಿದರೆ ಏಳದ ಚರ್ಮ

ಉತ್ತರ ಕರ್ನಾಟಕದಲ್ಲಿ ಬಣ್ಣಗೆಟ್ಟ ಮಚ್ಚೆ ಕಂಡ ಕೂಡಲೇ ಕುಷ್ಠ ನೆನಪಾಗುವುದು ತಪ್ಪಲ್ಲ, ಆಗಲೇಬೇಕು. ಪ್ರತಿವರ್ಷ ಜನವರಿ 30ರಿಂದ ಕುಷ್ಠರೋಗ ಅರಿವಿನ ಅಭಿಯಾನ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಚ್ಚೆ ಹುಡುಕುತ್ತಾರೆ. ಕುಷ್ಠದ ಮಚ್ಚೆಯಲ್ಲಿ ಕೂದಲು ಉದುರಬಹುದು, ಬೆವರು ನಿಲ್ಲಬಹುದು. ಪೆಡಸುಮಚ್ಚೆಯಲ್ಲೂ ಹಾಗೆಯೇ. ಆದರೆ ಕುಷ್ಠದ ರೋಗಾಣು ನರಕ್ಕೆ ಕೈಹಾಕುತ್ತದೆ. ಹಾಗಾಗಿ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದರೆ ಅಲ್ಲಿ ಮುಟ್ಟಿದ್ದು ತಿಳಿಯದಿರಬಹುದು, ತಿಳಿದರೂ ಮಂದವಾಗಿರಬಹುದು. ಪೆಡಸುಮಚ್ಚೆಯಲ್ಲಿ ನರ ಉಳಿದಿರುತ್ತದೆ, ಚರ್ಮ ಕೆಟ್ಟಿರುತ್ತದೆ.

ಇನ್ನೊಂದು ಪರೀಕ್ಷೆಗೆ ಎರಡು ಬೆರಳು ಸಾಕು. ಮುಂಗೈ ಮೇಲಿನ ಒಳ್ಳೆಯ ಚರ್ಮವನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದೆತ್ತಿ, ಮಡಿಕೆಯಾಗಿ ಎದ್ದುಬರುತ್ತದೆ. ಪೆಡಸುಮಚ್ಚೆಯ ಚರ್ಮ ಹಾಗೆ ಏಳುವುದಿಲ್ಲ, ಬೆರಳು ಜಾರುತ್ತದೆ. ತೊನ್ನಿನಲ್ಲಿ ಹೋಗಿರುವುದು ಬಣ್ಣವೊಂದೇ, ಚರ್ಮ ಮೊದಲಿನಷ್ಟೇ ಮೃದು. ಗಜಕರ್ಣದಲ್ಲಿ ತುರಿಕೆ ಮತ್ತು ಹೊಟ್ಟು ಮೊದಲು ಕಾಣುತ್ತವೆ. ಇಷ್ಟರಿಂದಲೇ ನಿರ್ಧಾರಕ್ಕೆ ಬರಬಾರದು, ಆದರೆ ಯಾವ ದಾರಿಯಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ಅನುಮಾನ ಉಳಿದರೆ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅದು ಕೆಳಗಿನ ಕೊಬ್ಬಿನ ಪದರದವರೆಗೂ ಇಳಿದ ಚೂರಾಗಿರಬೇಕು. ಮೇಲುಮೇಲೆ ಕೆರೆದು ತೆಗೆದರೆ ಕಾಯಿಲೆ ಇರುವ ಆಳವೇ ಕೈಗೆ ಸಿಗುವುದಿಲ್ಲ.

ಸವಳು ಏರಿದ ಹೊಲ

ಕೃಷ್ಣಾ, ಘಟಪ್ರಭಾ ನೀರು ಕುಡಿದ ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ರೈತರಿಗೆ ಸವಳು-ಜವಳು ಏನೆಂದು ಹೇಳಿಕೊಡಬೇಕಾಗಿಲ್ಲ. ಕಬ್ಬಿಗೆ ವರ್ಷಗಟ್ಟಲೆ ಮಿತಿಮೀರಿ ನೀರು ಬಿಟ್ಟಾಗ ಎರೆಮಣ್ಣಿನ ತಳದಲ್ಲಿ ನೀರು ನಿಲ್ಲುತ್ತದೆ, ನಿಧಾನವಾಗಿ ಮೇಲೇರುತ್ತದೆ, ಏರುವಾಗ ಮಣ್ಣಿನೊಳಗಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಹೊಲದ ನಡುವೆ ಒಂದು ಕಡೆ ಬೆಳ್ಳಗೆ, ಗಟ್ಟಿಯಾಗಿ, ಹುಲ್ಲೂ ಏಳದ ಜಾಗವಾಗುತ್ತದೆ. ಕಣ್ಣಿಗೆ ಬೀಳುವುದು ಆ ಬಿಳುಪು, ಆದರೆ ಕೆಡುಕು ಶುರುವಾದದ್ದು ನೀರಿನಿಂದ. ಮೇಲಿನ ಬಿಳುಪನ್ನು ಕೆರೆದು ಹಾಕಿದವನಿಗೆ ಮತ್ತೆ ಬಿಳುಪೇ ಸಿಗುತ್ತದೆ.

ಚರ್ಮದಲ್ಲೂ ಬಹುಮಟ್ಟಿಗೆ ಇದೇ ಸರಣಿ. ನಮ್ಮ ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ನಾರು. ಈ ನಾರನ್ನು ತಯಾರಿಸುವ ಕೋಶಗಳಿಗೆ ಫೈಬ್ರೊಬ್ಲಾಸ್ಟ್ ಎಂದು ಹೆಸರು. ನಾವು ನಾರುಕೋಶ ಎನ್ನೋಣ. ಕುಡುಗೋಲು ತಾಗಿ ಕೈ ಕೊಯ್ದಾಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ನಾರುಕೋಶಗಳಿಗೆ ಕೆಲಸ ಶುರುಮಾಡಿ ಎಂಬ ಸೂಚನೆ. ನಾರು ಬೀಳುತ್ತದೆ, ಗಾಯ ಕೂಡುತ್ತದೆ, ಸೂಚನೆ ನಿಲ್ಲುತ್ತದೆ.

ಪೆಡಸುಮಚ್ಚೆಯಲ್ಲಿ ಗಾಯವೇ ಇಲ್ಲದೆ ಬಿಳಿಕಣಗಳು ಚರ್ಮದ ಸಣ್ಣ ರಕ್ತನಾಳಗಳ ಸುತ್ತ ನೆರೆಯುತ್ತವೆ. ಅಥವಾ ಎಂದೋ ಆದ ಸಣ್ಣ ಪೆಟ್ಟು, ಲಂಗದ ಲಾಡಿ ಬಿಗಿದು ಉಜ್ಜಿದ ಜಾಗ, ಸ್ತನ ಕ್ಯಾನ್ಸರಿಗೆ ವಿಕಿರಣ ಕೊಟ್ಟ ಜಾಗ ಅವಕ್ಕೆ ನೆಪವಾಗುತ್ತದೆ. ದೇಹದ ರಕ್ಷಣೆಗಿರುವ ಕಣಗಳೇ ದೇಹದ ಮೇಲೆ ತಿರುಗುವ ಕಾಯಿಲೆಗಳ ಗುಂಪಿಗೆ ಇದು ಸೇರಿದೆ. ಸೂಚನೆ ನಿಲ್ಲುವುದೇ ಇಲ್ಲ, ನೀರು ಹರಿಯುತ್ತಲೇ ಇರುತ್ತದೆ. ನಾರುಕೋಶಗಳು ಬೇಡದಿದ್ದರೂ ನಾರು ಹಾಕುತ್ತ ಹೋಗುತ್ತವೆ. ಆ ನಾರು ಬೆವರಿನ ಗ್ರಂಥಿಗಳನ್ನು ಒತ್ತುತ್ತದೆ, ಕೂದಲಿನ ಬುಡಗಳನ್ನು ನುಂಗುತ್ತದೆ, ಕೆಳಗಿನ ಕೊಬ್ಬಿನ ಜಾಗವನ್ನೂ ಆಕ್ರಮಿಸುತ್ತದೆ. ಕೊನೆಗೆ ಬಿಳಿಕಣಗಳು ತಾವಾಗಿ ಚದುರಿದಾಗ ಉಳಿಯುವುದು ಗಟ್ಟಿಯಾದ, ಆಮೇಲೆ ತೆಳುವಾಗಿ ಕುಸಿಯುವ ಚರ್ಮ.

ಈ ಸರಣಿಯಲ್ಲಿ ಎರಡು ಘಟ್ಟಗಳಿವೆ: ಮೊದಲು ಬಿಳಿಕಣಗಳು ನೆರೆಯುವ ಉರಿಯೂತ, ಆಮೇಲೆ ನಾರು. ಔಷಧಕ್ಕೆ ಬಗ್ಗುವುದು ಮೊದಲನೆಯದು. ಬಿದ್ದ ನಾರನ್ನು ಹಿಂದಕ್ಕೆ ತೆಗೆಯುವ ಮುಲಾಮು ಇಲ್ಲ, ಗುಳಿಗೆ ಇಲ್ಲ. ರೋಗ ಗುರುತಿಸುವುದರಲ್ಲಿ ತಡವಾದರೆ ಏಕೆ ಅಷ್ಟು ನಷ್ಟ ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಅಂಚನ್ನು ನೋಡಬೇಕು

ಹಾಗಾದರೆ ಉರಿಯೂತ ಇನ್ನೂ ನಡೆಯುತ್ತಿದೆಯೋ, ಮುಗಿದಿದೆಯೋ ಎಂದು ತಿಳಿಯುವುದು ಹೇಗೆ? ಮಚ್ಚೆಯ ನಡುಭಾಗ ಹಳೆಯದು. ಕಾಯಿಲೆ ಹೊರಕ್ಕೆ ಹಬ್ಬುತ್ತಿದ್ದರೆ ಅದು ಅಂಚಿನಲ್ಲಿ ಇರುತ್ತದೆ. ಪಠ್ಯಪುಸ್ತಕಗಳು ಹೇಳುವುದು: ಅಂಚಿನಲ್ಲಿ ತಿಳಿ ನೇರಳೆ ಬಣ್ಣದ ಸುತ್ತು ಕಂಡರೆ ರೋಗ ಜೀವಂತವಾಗಿದೆ. ಆದರೆ ಆ ಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಯುರೋಪಿನ, ಅಮೆರಿಕದ ಬಿಳಿ ಚರ್ಮಗಳು. ಬಿಸಿಲಲ್ಲಿ ದುಡಿದ ಕಂದು ಮೈಯಲ್ಲಿ ಆ ನೇರಳೆ ಸುಲಭವಾಗಿ ಕಾಣದು. ಬೂದುಗಪ್ಪಾಗಿ, ಹಳೆಯ ಕಲೆಯೆಂಬಂತೆ ಕಂಡು ಕಣ್ತಪ್ಪಿ ಹೋಗುತ್ತದೆ. ನಮ್ಮ ಡಾಕ್ಟರುಗಳು ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬಬೇಕಾದ ಕಾಯಿಲೆ ಇದು. ಅಂಚು ಒಳಭಾಗಕ್ಕಿಂತ ದಪ್ಪವಾಗಿ ಸಿಗುತ್ತಿದೆಯೇ, ಹೋದ ತಿಂಗಳಿಗಿಂತ ಅಗಲವಾಗಿದೆಯೇ, ಬೇರೆಡೆ ಹೊಸದು ಎದ್ದಿದೆಯೇ ಎಂದು ನೋಡುತ್ತಾರೆ.

ಇದಕ್ಕೆಂದೇ ತಜ್ಞರು ಲೋಸ್ಕ್ಯಾಟ್ ಎಂಬ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ. ದೇಹವನ್ನು 18 ಭಾಗ ಮಾಡಿ ಪ್ರತಿಯೊಂದಕ್ಕೂ ಎರಡು ಬಗೆಯ ಅಂಕ ಕೊಡುತ್ತಾರೆ: ಈಗ ನಡೆಯುತ್ತಿರುವ ಚಟುವಟಿಕೆಗೆ ಒಂದು, ಆಗಿಹೋದ ಹಾನಿಗೆ ಇನ್ನೊಂದು. ಎರಡನ್ನೂ ಬೆರೆಸುವುದಿಲ್ಲ. ಹಾನಿಯ ಅಂಕ ಎಷ್ಟೇ ಹೆಚ್ಚಿರಲಿ, ಚಟುವಟಿಕೆ ಸೊನ್ನೆಯಿದ್ದರೆ ಬಿರುಸಿನ ಔಷಧದಿಂದ ಲಾಭವಿಲ್ಲ. ಬರಿಗಣ್ಣಿಗೆ ಏನೇನೂ ಅಲ್ಲ ಎನಿಸುವ ಮಚ್ಚೆಯಲ್ಲಿ ಚಟುವಟಿಕೆ ಹೆಚ್ಚಿದ್ದರೆ ಸುಮ್ಮನೆ ಕೂರುವಂತಿಲ್ಲ.

ಸರ್ಪಸುತ್ತಲ್ಲದ ಗೆರೆ

ದೊಡ್ಡವರಲ್ಲಿ ಪೆಡಸುಮಚ್ಚೆ ಹೆಚ್ಚಾಗಿ ಹೊಟ್ಟೆ, ಸೊಂಟ, ಬೆನ್ನಿನ ಮೇಲೆ ದುಂಡಾದ ಒಂದೆರಡು ಮಚ್ಚೆಗಳಾಗಿ ಬರುತ್ತದೆ. ಮಕ್ಕಳಲ್ಲಿ ಅದರ ರೂಪವೇ ಬೇರೆ. 2006ರಲ್ಲಿ ಪ್ರಕಟವಾದ, ಹಲವು ದೇಶಗಳ 750 ಮಕ್ಕಳ ಅಧ್ಯಯನವೊಂದಿದೆ. ಅದರಲ್ಲಿ 65 ಶೇಕಡಾ ಮಕ್ಕಳಿಗೆ ಕಾಯಿಲೆ ಬಂದದ್ದು ಗೆರೆಯಾಗಿ: ತೊಡೆಯಿಂದ ಪಾದಕ್ಕೆ, ಭುಜದಿಂದ ಬೆರಳಿಗೆ, ಹಣೆಯಿಂದ ನೆತ್ತಿಗೆ. ಶುರುವಾದಾಗ ಸರಾಸರಿ ವಯಸ್ಸು 7.3 ವರ್ಷ. ಕಾಯಿಲೆಗೆ ಹೆಸರು ಸಿಕ್ಕಿದ್ದು ಸರಾಸರಿ 1.6 ವರ್ಷದ ನಂತರ. ಮಕ್ಕಳ ಕೀಲುಶಾಸ್ತ್ರ ಕಲಿತ ವೈದ್ಯರಿರುವ ಕೇಂದ್ರಗಳ ಲೆಕ್ಕವೇ ಹೀಗಿದ್ದರೆ ಉಳಿದ ಕಡೆಯದನ್ನು ಓದುಗರೇ ಊಹಿಸಬಹುದು.

ಮೈಮೇಲೆ ಗೆರೆ ಎದ್ದರೆ ನಮ್ಮ ಮಂದಿ ಸರ್ಪಸುತ್ತು ಎಂದುಕೊಳ್ಳುತ್ತಾರೆ. ಸರ್ಪಸುತ್ತು ನರದ ದಾರಿ ಹಿಡಿದು ಬರುತ್ತದೆ, ನೀರುಗುಳ್ಳೆ ಏಳುತ್ತದೆ, ಉರಿಯುತ್ತದೆ, ಕೆಲವೇ ವಾರಗಳಲ್ಲಿ ಒಣಗುತ್ತದೆ. ಪೆಡಸುಮಚ್ಚೆಯ ಗೆರೆಯಲ್ಲಿ ಗುಳ್ಳೆಯಿಲ್ಲ, ಉರಿಯಿಲ್ಲ. ಅದು ನರದ ದಾರಿಯನ್ನೂ ಹಿಡಿಯುವುದಿಲ್ಲ, ರಕ್ತನಾಳದ್ದನ್ನೂ ಅಲ್ಲ. ಹಾಗಾದರೆ ಯಾವುದನ್ನು?

ಬರ್ಲಿನ್ನಿನ ಚರ್ಮವೈದ್ಯ ಆಲ್ಫ್ರೆಡ್ ಬ್ಲಾಷ್ಕೊ 1901ರಲ್ಲಿ ಒಂದು ನಕ್ಷೆ ಪ್ರಕಟಿಸಿದ. ಗೆರೆಯಾಗಿ ಬರುವ ನಾನಾ ಚರ್ಮದ ತೊಂದರೆಗಳನ್ನು ಗಮನಿಸಿ, ಅವೆಲ್ಲವೂ ಕೆಲವು ನಿಗದಿತ ಹಾದಿಗಳನ್ನೇ ಹಿಡಿಯುತ್ತವೆ ಎಂದು ತೋರಿಸಿದ. ಕೈಕಾಲಿನಲ್ಲಿ ಉದ್ದಕ್ಕೆ, ಹೊಟ್ಟೆಯ ಪಕ್ಕದಲ್ಲಿ ಬಳುಕಿ, ಬೆನ್ನಿನ ನಡುವೆ ಕೆಳಮೊನೆಯಾಗಿ ಕೂಡಿ, ನೆತ್ತಿಯಲ್ಲಿ ಸುಳಿಯಾಗಿ. ಆ ಹಾದಿಗಳ ಅರ್ಥ ತಿಳಿದದ್ದು ಬಹಳ ತಡವಾಗಿ: ಮಗು ಬಸಿರಿನಲ್ಲಿದ್ದಾಗ ಚರ್ಮದ ಕೋಶಗಳು ಹೆಚ್ಚುತ್ತ, ಹರಡುತ್ತ ಸಾಗಿದ ದಾರಿಗಳವು. ಹುಟ್ಟುವ ಮೊದಲೇ ಒಂದು ಕೋಶದಲ್ಲಿ ಸಣ್ಣ ವ್ಯತ್ಯಾಸವಾದರೆ ಅದರ ಸಂತಾನವೆಲ್ಲ ಆ ಗೆರೆಯಲ್ಲೇ ಉಳಿಯುತ್ತದೆ. ಮಕ್ಕಳ ಗೆರೆಗಳಲ್ಲಿ ಅನೇಕವು ಈ ಹಾದಿಗಳಲ್ಲೇ ಸಾಗುವುದರಿಂದ, ಬಿಳಿಕಣಗಳು ಆ ಸಂತಾನವನ್ನು ಪರಕೀಯವೆಂದು ತಿಳಿದು ಮೇಲೆಬೀಳುತ್ತವೆ ಎಂಬುದು ಈಗಿನ ಊಹೆ. ನನಗೆ ಈ ಊಹೆ ಇಷ್ಟ. ಇನ್ನೂ ಪೂರ್ತಿ ಸಾಬೀತಾಗಿಲ್ಲ ಎಂಬುದನ್ನೂ ಹೇಳಬೇಕು.

ಗೆರೆ ಏಕೆ ಹೆಚ್ಚು ಅಪಾಯ? ಮಗು ಬೆಳೆಯುತ್ತಿದೆ, ಗೆರೆ ಬೆಳೆಯುವುದಿಲ್ಲ. ಮೊಣಕಾಲಿನ ಮೇಲೆ ಹಾದುಹೋದ ಪೆಡಸು ಚರ್ಮ ಕಾಲನ್ನು ಪೂರ್ತಿ ಚಾಚಗೊಡುವುದಿಲ್ಲ. ಕೆಳಗಿನ ಕೊಬ್ಬು, ಸ್ನಾಯು, ಕೆಲವೊಮ್ಮೆ ಎಲುಬು ಕೂಡ ಸೊರಗಿ ಒಂದು ಕಾಲು ಇನ್ನೊಂದಕ್ಕಿಂತ ಸಣ್ಣದಾಗಿ, ಗಿಡ್ಡದಾಗಿ ಉಳಿಯುತ್ತದೆ. ಹಣೆಯ ಮೇಲಿನ ಗೆರೆಗೆ ಫ್ರೆಂಚರು ಕತ್ತಿಯೇಟು ಎಂದೇ ಹೆಸರಿಟ್ಟಿದ್ದಾರೆ. ಅದರ ಹತ್ತಿರದ ನಂಟಿನ ಇನ್ನೊಂದು ರೂಪದಲ್ಲಿ ಮುಖದ ಒಂದು ಪಾರ್ಶ್ವವೇ ನಿಧಾನವಾಗಿ ಒಳಸೇರುತ್ತದೆ. 1825ರಲ್ಲಿ ಪ್ಯಾರಿ, 1846ರಲ್ಲಿ ರಾಂಬರ್ಗ್ ಅದನ್ನು ವಿವರಿಸಿದರು. ತಲೆಯ ಮೇಲಿನ ಗೆರೆಯಿರುವ ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ, ಬಿಡದ ತಲೆನೋವು ಬರುತ್ತದೆ, ಕಣ್ಣಿನೊಳಗೆ ಉರಿಯೂತವಾಗುತ್ತದೆ. ಈ ಕೊನೆಯದು ಕೆಂಪಾಗದೆ, ನೋಯದೆ ಬರಬಹುದು. ಆದ್ದರಿಂದ ಮುಖ-ತಲೆಯ ಮೇಲೆ ಗೆರೆಯಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು, ತಲೆಯ ಎಂಆರ್‌ಐ ಕೂಡ ಮಾಡಿಸುತ್ತಾರೆ.

ರಕ್ತ ಪರೀಕ್ಷೆಯ ಮಿತಿ

ಊರಿಂದ ಬಂದವರು ಮೊದಲು ಕೇಳುವುದು, “ರಕ್ತಾ ತಪಾಸಣಿ ಮಾಡಿದ್ರ ಗೊತ್ತಾಗೂದಿಲ್ಲೇನ್ರಿ?” ಇಲ್ಲ. ಪೆಡಸುಮಚ್ಚೆಯನ್ನು ಹೌದು-ಅಲ್ಲ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಎಎನ್‌ಎ ಎಂಬ ಪರೀಕ್ಷೆ ಆ 750 ಮಕ್ಕಳಲ್ಲಿ 42 ಶೇಕಡಾ ಮಂದಿಗೆ ಪಾಸಿಟಿವ್ ಬಂದಿತ್ತು. ಅಂದರೆ ಕಾಯಿಲೆಯಿದ್ದೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೆಗೆಟಿವ್. ರಕ್ತ ತೆಗೆಯುವುದು ಸ್ನಾಯು ಕೆಟ್ಟಿದೆಯೇ, ಔಷಧ ಶುರುಮಾಡಲು ಯಕೃತ್ತು ಸರಿಯಿದೆಯೇ ಎಂದು ನೋಡಲು.

ಈ ನಡುವೆ ಓದುಬಲ್ಲ ಅಣ್ಣನೋ ತಂಗಿಯೋ ಮೊಬೈಲಿನಲ್ಲಿ ಸ್ಕ್ಲೀರೋಡರ್ಮಾ ಎಂದು ಹುಡುಕಿರುತ್ತಾರೆ. ಶ್ವಾಸಕೋಶ, ಮೂತ್ರಪಿಂಡ, ಹೃದಯ ಎಂದೆಲ್ಲ ಓದಿ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ಅದು ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಬೇರೆಯೇ ಕಾಯಿಲೆ. ಅದರಲ್ಲಿ ಬೆರಳುಗಳು ಪೆಡಸಾಗುತ್ತವೆ, ತಣ್ಣೀರು ಮುಟ್ಟಿದರೆ ಬೆಳ್ಳಗಾಗಿ ನೀಲಿಗಟ್ಟುತ್ತವೆ, ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ. ವೈದ್ಯರು ಮಚ್ಚೆ ಬಿಟ್ಟು ಬೆರಳು ನೋಡುತ್ತಾರಲ್ಲ, ಅದು ಇದಕ್ಕೇ. ಬೆರಳು ಚೆನ್ನಾಗಿದ್ದರೆ ದೊಡ್ಡ ಭಯ ಬಿಡಬಹುದು. ಪೆಡಸುಮಚ್ಚೆ ಆ ಕಾಯಿಲೆಯಾಗಿ ಬದಲಾಗುವುದು ತೀರಾ ಅಪರೂಪ. ದೊಡ್ಡ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಗುಪ್ತಾಂಗದ ಚರ್ಮ ಬೆಳ್ಳಗಾಗಿ ತುರಿಸುವ ಲೈಕೆನ್ ಸ್ಕ್ಲೀರೋಸಸ್ ಎಂಬುದು ಇದರ ಜೊತೆಗೇ ಕೆಲವರಿಗೆ ಇರುತ್ತದೆ. ಅವರಾಗಿ ಹೇಳುವುದಿಲ್ಲ, ಡಾಕ್ಟರೇ ಕೇಳಬೇಕು.

ಮುಲಾಮು ಯಾರಿಗೆ, ಗುಳಿಗೆ ಯಾರಿಗೆ

ಚಿಕಿತ್ಸೆಯನ್ನು ಮಚ್ಚೆಯ ಅಳತೆ ನೋಡಿ ನಿರ್ಧರಿಸುವುದಲ್ಲ. ಎಷ್ಟು ಆಳ, ಎಲ್ಲಿದೆ, ರೋಗಿಗೆ ಎಷ್ಟು ವಯಸ್ಸು, ಚಟುವಟಿಕೆ ಇದೆಯೇ ಎಂದು ನೋಡಬೇಕು. ನಲವತ್ತರ ಹೆಂಗಸಿನ ಹೊಟ್ಟೆಯ ಮೇಲಿನ ಮೇಲ್ಪದರದ ಮಚ್ಚೆಗೆ ಸ್ಟೆರಾಯ್ಡ್ ಮುಲಾಮು, ಟ್ಯಾಕ್ರೊಲಿಮಸ್ ಮುಲಾಮು ಅಥವಾ ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೊಟ್ರಿಯಾಲ್ ಸಾಕಾಗಬಹುದು. ಅನೇಕ ಮಚ್ಚೆಗಳು ಕೆಲವು ವರ್ಷಗಳಲ್ಲಿ ತಾವಾಗಿಯೇ ಮೆತ್ತಗಾಗುತ್ತವೆ. ಮೂರು-ನಾಲ್ಕು ಔಷಧ ಕಲಸಿದ ಅಂಗಡಿಯ ಟ್ಯೂಬಿನಲ್ಲೂ ಸ್ಟೆರಾಯ್ಡ್ ಇರುತ್ತದೆ ನಿಜ. ಆದರೆ ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಒಳ್ಳೆಯ ಚರ್ಮವೇ ತೆಳುವಾಗುತ್ತದೆ, ಆಮೇಲೆ ಯಾವುದು ಕಾಯಿಲೆ ಯಾವುದು ಟ್ಯೂಬಿನ ಕೆಲಸ ಎಂದು ತಜ್ಞರಿಗೂ ಬಿಡಿಸುವುದು ಕಷ್ಟ.

ಮಚ್ಚೆಗಳು ಬಹಳಿದ್ದರೆ ನೇರಳಾತೀತ ಬೆಳಕಿನ ಚಿಕಿತ್ಸೆಯುಂಟು. ಒಳ್ಳೆಯದೇ. ಆದರೆ ವಾರಕ್ಕೆ ಎರಡು-ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕು. ರಾಯಬಾಗದ ಹಳ್ಳಿಗಳಿಂದ ಬೆಳಗಾವಿಯ ಆಸ್ಪತ್ರೆಗಳಾದ ಕೆಎಲ್ಇ ಅಥವಾ ಬಿಮ್ಸ್‌ಗೆ ಹೋದರೂ, ಕುಡಚಿಯಲ್ಲಿ ರೈಲು ಹತ್ತಿ ಮಿರಜಿಗೆ ಹೋದರೂ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಕಾಗದದ ಮೇಲೆ ಸೌಮ್ಯವಾದ ಚಿಕಿತ್ಸೆ ನಮ್ಮ ಕಡೆಯ ರೋಗಿಗೆ ಎಲ್ಲಕ್ಕಿಂತ ದುಬಾರಿಯಾಗುವುದು ಹೀಗೆ.

ಮಗುವಿನ ಕೈಕಾಲು, ಮುಖದ ಗೆರೆಗೆ ಮುಲಾಮು ನಂಬಿ ಕೂರುವಂತಿಲ್ಲ. ಕಾಯಿಲೆ ಆಳದಲ್ಲಿದೆ, ಹರಿಯುತ್ತಿರುವ ನೀರನ್ನು ಒಳಗಿನಿಂದ ಕಟ್ಟಬೇಕು. ಇದಕ್ಕೆ ಮೆಥೊಟ್ರೆಕ್ಸೇಟ್ ಗುಳಿಗೆ, ಮೊದಲ ಕೆಲವು ತಿಂಗಳು ಜೊತೆಗೆ ಸ್ಟೆರಾಯ್ಡ್. ಇಟಲಿಯಲ್ಲಿ 70 ಮಕ್ಕಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರಿಗೂ ಮೊದಲ ಮೂರು ತಿಂಗಳು ಸ್ಟೆರಾಯ್ಡ್ ಕೊಟ್ಟರು. 46 ಮಂದಿಗೆ ಅದರ ಜೊತೆ ವರ್ಷವಿಡೀ ಮೆಥೊಟ್ರೆಕ್ಸೇಟ್, 24 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ. ಮೊದಮೊದಲು ಎಲ್ಲರೂ ಸುಧಾರಿಸಿದರು. ಸ್ಟೆರಾಯ್ಡ್ ನಿಂತ ಮೇಲೆ ವ್ಯತ್ಯಾಸ ತೆರೆದುಕೊಂಡಿತು: ಹುಸಿಗುಳಿಗೆಯವರಲ್ಲಿ 17 ಮಂದಿಗೆ ಕಾಯಿಲೆ ಮರುಕಳಿಸಿತು, ಮೆಥೊಟ್ರೆಕ್ಸೇಟ್ ಪಡೆದವರಲ್ಲಿ 15 ಮಂದಿಗೆ. ಶೇಕಡಾ ಲೆಕ್ಕದಲ್ಲಿ 71ಕ್ಕೆ ಎದುರಾಗಿ 33. ಮೆಥೊಟ್ರೆಕ್ಸೇಟ್ ಸಾಲದಿದ್ದವರಿಗೆ ಮೈಕೊಫಿನೊಲೇಟ್ ಎಂಬ ಇನ್ನೊಂದು ಔಷಧವಿದೆ.

ವಾರಕ್ಕೊಂದೇ ದಿನ

ಮೆಥೊಟ್ರೆಕ್ಸೇಟ್ ಎಂದೊಡನೆ “ಅದು ಕ್ಯಾನ್ಸರ್ ಗುಳಿಗಿ ಅಲ್ಲೇನ್ರಿ” ಎಂಬ ಪ್ರಶ್ನೆ ಬರುತ್ತದೆ. ಹೌದು. ಫೋಲಿಕ್ ಆಮ್ಲವನ್ನು ತಡೆದು ಕೋಶಗಳು ವೇಗವಾಗಿ ಹೆಚ್ಚದಂತೆ ಮಾಡುವ ಈ ಜಾತಿಯ ಔಷಧಗಳು ಹುಟ್ಟಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ಮುಂದಾಳಾಗಿದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇದೇ ಜಾತಿಯ ಅಮಿನೊಪ್ಟೆರಿನ್ ಬಳಸಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ಮೊದಲ ಸಲ ತಾತ್ಕಾಲಿಕ ಗುಣ ಕಂಡ ವರದಿ ಬಂದದ್ದು 1948ರಲ್ಲಿ. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಬಹಳ ದೊಡ್ಡದು. ಆ ಇಟಲಿಯ ಮಕ್ಕಳಿಗೆ ಕೊಟ್ಟದ್ದು ಹೆಚ್ಚೆಂದರೆ ವಾರಕ್ಕೆ 20 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಉರಿಯೂತವನ್ನು ತಣಿಸುತ್ತದೆ.

ಅಪಾಯ ಇರುವುದು ದಿನದ ಲೆಕ್ಕದಲ್ಲಿ. ಇದು ವಾರಕ್ಕೊಮ್ಮೆಯ ಗುಳಿಗೆ. ಬಿಪಿ, ಶುಗರ್ ಗುಳಿಗೆಯ ರೂಢಿಯಲ್ಲಿ ದಿನಾಲೂ ನುಂಗಿದರೆ ಬಾಯಿತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣವೇ ಹೋಗಬಹುದು, ಹಾಗೆ ಸತ್ತವರಿದ್ದಾರೆ. ಇದರ ಜೊತೆ ಬೇರೆ ದಿನ ಕೊಡುವ ಫೋಲಿಕ್ ಆಸಿಡ್ ಗುಳಿಗೆಯೂ ಹಲವು ಸಲ ಅದೇ ಹಳದಿ, ಅದೇ ಸಣ್ಣ ಗಾತ್ರ. ಬುಧವಾರ ಎಂದು ಗೊತ್ತುಮಾಡಿದರೆ ಬುಧವಾರವೇ, ಮನೆಯ ಒಬ್ಬರೇ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡುವುದು ಲೇಸು. ಶುರುಮಾಡುವ ಮೊದಲು ಟಿಬಿ ಇಲ್ಲವೆಂದು ನೋಡಿಕೊಳ್ಳುತ್ತಾರೆ, ಆಮೇಲೆ ಆಗಾಗ ರಕ್ತಕಣ, ಯಕೃತ್ತಿನ ತಪಾಸಣೆ. ಬಸುರಿಯರಿಗೆ, ಬಸಿರಾಗಲು ಬಯಸುವವರಿಗೆ ಇದು ಸಲ್ಲದು. ದೊಡ್ಡವರು ಕುಡಿತ ಬಿಡಬೇಕು.

ಮಚ್ಚೆ ಮೆತ್ತಗಾಯಿತೆಂದು ಕೂಡಲೇ ನಿಲ್ಲಿಸುವಂತಿಲ್ಲ. ಸಾಕಷ್ಟು ಸುಧಾರಿಸಿದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸಿ, ಆಮೇಲೆ ಇಳಿಸಬೇಕು ಎನ್ನುವುದು ಯುರೋಪಿನ ಮಕ್ಕಳ ತಜ್ಞರ ಶಿಫಾರಸು. ಈ ಅವಧಿಯಲ್ಲಿ ಗೆರೆ ಹಾದ ಕೀಲನ್ನು ದಿನಾ ಮಡಚಿ ಚಾಚಿಸುವ ಫಿಸಿಯೊಥೆರಪಿ ಗುಳಿಗೆಯಷ್ಟೇ ಮುಖ್ಯ. ಅದಕ್ಕೆ ಖರ್ಚಿಲ್ಲ, ಒಮ್ಮೆ ಸರಿಯಾಗಿ ಕಲಿತರೆ ಅವ್ವನೇ ಮನೆಯಲ್ಲಿ ಮಾಡಿಸಬಹುದು.

ಉಳಿದದ್ದು

ಆಗಿಹೋದ ತಗ್ಗನ್ನು ತುಂಬಲು ಹೊಟ್ಟೆಯ ಅಥವಾ ತೊಡೆಯ ಕೊಬ್ಬು ತೆಗೆದು ಮುಖಕ್ಕೆ ಸೇರಿಸುವ ಶಸ್ತ್ರಚಿಕಿತ್ಸೆ ಇದೆ. ಮದುವೆಯ ಮಾತು ಬಂದಾಗ ಮನೆಯವರು ಇದಕ್ಕೆ ಅವಸರ ಮಾಡುತ್ತಾರೆ, ಆದರೆ ಕಾಯಿಲೆ ತಣ್ಣಗಾಗಿ ಬಹಳ ಕಾಲವಾದ ಮೇಲಷ್ಟೇ ಒಳ್ಳೆಯ ಶಸ್ತ್ರವೈದ್ಯರು ಒಪ್ಪುತ್ತಾರೆ. ಒಳಗೆ ಉರಿಯೂತವಿದ್ದರೆ ಹೊಸದಾಗಿ ತುಂಬಿದ ಕೊಬ್ಬೂ ಕರಗಿಹೋಗಬಹುದು.

ಮಕ್ಕಳಲ್ಲಿ ಸುಮಾರು ಕಾಲುಭಾಗ ಮಂದಿಗೆ ಇದು ಮರಳಿ ಬರುತ್ತದೆ, ಕೆಲವೊಮ್ಮೆ ಹತ್ತಾರು ವರ್ಷ ಕಳೆದು. ಅದನ್ನು ಮೊದಲು ಕಾಣಬೇಕಾದವರು ಮನೆಯವರೇ. ಎರಡು-ಮೂರು ತಿಂಗಳಿಗೊಮ್ಮೆ ಬೆಳಗಿನ ಬೆಳಕಿನಲ್ಲಿ, ಮಚ್ಚೆಯ ಪಕ್ಕ ಶಾಲೆಯ ಸ್ಕೇಲ್ ಇಟ್ಟು, ಒಂದೇ ಅಂತರದಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅಂಚು ಸರಿದಿದೆಯೋ ಇಲ್ಲವೋ ಎಂಬುದಕ್ಕೆ ನೆನಪನ್ನು ನಂಬಬೇಕಾಗುವುದಿಲ್ಲ. ಡಾಕ್ಟರ ಮುಂದೆ ಕೂತಾಗ ಆ ಹಳೆಯ ಫೋಟೊಗಳನ್ನೂ ಹಳೆಯ ಚೀಟಿಗಳನ್ನೂ ತಾರೀಖಿನ ಕ್ರಮದಲ್ಲಿ ತೋರಿಸಬೇಕು.